ಝೌರಸ್ ಸಿ860: ಕೈಯಲ್ಲಿ ಹಿಡಿದರೆ ಆಫ್ ಆಗುತ್ತೆ, ಬ್ಯಾಟರಿ ಬೀಗದ ಸ್ವಿಚ್ ಮೇಲೆ ಅನುಮಾನ

ಮಡಚುಗಣಕ:

ನನ್ನ ಹತ್ರ ಶಾರ್ಪ್ ಝೌರಸ್ ಎಸ್‌ಎಲ್-ಸಿ860 ಇದೆ. 2003ರ ಮಾದರಿ. ಪರದೆ ತಿರುಗಿಸಿ ಮಡಚಬಹುದಾದ ಪುಟ್ಟ ಲಿನಕ್ಸ್ ಯಂತ್ರ, 640×480 ಪರದೆ, 400 ಮೆಗಾಹರ್ಟ್ಸ್ ಎಕ್ಸ್‌ಸ್ಕೇಲ್ ಪ್ರೊಸೆಸರ್, 64 ಎಂಬಿ ರ‍್ಯಾಮ್. ಇವತ್ತಿಗೂ ನಾನು ದಿನಚರಿ ಬರೆಯೋದು ಇದರಲ್ಲೇ. ಎರಡು ಹೆಬ್ಬೆರಳಲ್ಲಿ ಟೈಪ್ ಮಾಡೋಕೆ ಇಷ್ಟು ಹಿತವಾದ ಕೀಲಿಮಣೆ ಇನ್ನೊಂದು ನನಗೆ ಸಿಕ್ಕಿಲ್ಲ.

ತೊಂದರೆ ಇದು. ಮೇಜಿನ ಮೇಲಿಟ್ಟರೆ ಗಂಟೆಗಟ್ಟಲೆ ಓಡುತ್ತೆ. ಕೈಗೆತ್ತಿಕೊಂಡು ಬಲಗಡೆ ಸ್ವಲ್ಪ ಬಿಗಿಯಾಗಿ ಹಿಡಿದರೆ ಥಟ್ಟಂತ ಪರದೆ ಕಪ್ಪಾಗುತ್ತೆ. ಪವರ್ ಗುಂಡಿ ಒತ್ತಿದರೆ ಕೆಲವು ಸಲ ಎದ್ದು ಬಿಟ್ಟ ಜಾಗದಿಂದಲೇ ಶುರುವಾಗುತ್ತೆ. ಕೆಲವು ಸಲ ಏನು ಮಾಡಿದರೂ ಏಳಲ್ಲ. ಆಗ ಬ್ಯಾಟರಿ ಮುಚ್ಚಳದ ಬೀಗವನ್ನು ಒಮ್ಮೆ ತೆಗೆದು ಹಾಕಿದರೆ ಸರಿಹೋಗುತ್ತೆ. ಕೆಲವು ತಿಂಗಳ ಹಿಂದೆ ನನ್ನ ಕೈಜಾರಿ ಒಮ್ಮೆ ಬಿದ್ದಿತ್ತು. ಮೂಲೆಯಲ್ಲಿ ಒಂದು ಗೀರು ಬಿಟ್ಟರೆ ಏನೂ ಆಗಿಲ್ಲ ಅಂದುಕೊಂಡಿದ್ದೆ.

ಬೀಗದ ಕೆಳಗೊಂದು ಪುಟ್ಟ ಸ್ವಿಚ್ ಇರುತ್ತಲ್ಲ, ಅದೇ ಕೆಟ್ಟಿದೆ ಅನ್ನಿಸುತ್ತಿದೆ. ಅದರ ಕಾಲುಗಳನ್ನು ಒಂದು ಹನಿ ಬೆಸುಗೆ ತವರದಲ್ಲಿ ಸೇರಿಸಿಬಿಟ್ಟರೆ ಸ್ವಿಚ್ಚಿನ ಗೊಡವೆಯೇ ಇರಲ್ಲ ಅಂತ ಒಂದು ಯೋಚನೆ. ಕೈ ಹಚ್ಚೋ ಮುಂಚೆ ಗೊತ್ತಿರೋರ ಮಾತು ಕೇಳೋಣ ಅಂತ ಬರೆದೆ.

ಸಣ್ಣತಿರುಪು:

ಸ್ವಿಚ್ಚಿಗೆ ಹೋಗೋ ಮುಂಚೆ ಬ್ಯಾಟರಿ ನೋಡಿ. ಹೊರಗೆ ತೆಗೆದು ಗಾಜಿನ ಮೇಲೆ ಮಲಗಿಸಿ, ಬೆರಳಲ್ಲಿ ಮೆಲ್ಲಗೆ ತಿರುಗಿಸಿ. ಬುಗುರಿ ಹಾಗೆ ತಿರುಗಿದರೆ ಹೊಟ್ಟೆ ಉಬ್ಬಿದೆ ಅಂತ ಅರ್ಥ. ಉಬ್ಬಿದ ಲಿಥಿಯಂ ಬ್ಯಾಟರಿ ಮುಚ್ಚಳವನ್ನು ಹೊರಕ್ಕೆ ತಳ್ಳುತ್ತೆ. ಬೀಗ ಹಾಕಿದಂತೆ ಕಂಡರೂ ಒಳಗಿನ ಸ್ವಿಚ್ ಅರ್ಧಂಬರ್ಧ ಒತ್ತಿರುತ್ತೆ. ಇಂಥದ್ದು ಎರಡು ಸಲ ನೋಡಿದ್ದೀನಿ, ಎರಡೂ ಸಲ ಸ್ವಿಚ್ ಚೆನ್ನಾಗೇ ಇತ್ತು. ಉಬ್ಬಿದ್ದರೆ ಒತ್ತಿ ಚಪ್ಪಟೆ ಮಾಡೋಕೆ ಹೋಗಬೇಡಿ, ಚುಚ್ಚಲೇಬೇಡಿ. ಅದನ್ನು ಬಳಸೋದು ಅವತ್ತಿಗೇ ನಿಲ್ಲಿಸಿ.

ಮಡಚುಗಣಕ:

ನೋಡಿದೆ. ಗಾಜಿನ ಮೇಲೆ ಅಲುಗಾಡದೆ ಕೂರುತ್ತೆ. ಮುಚ್ಚಳವೂ ಸುತ್ತ ಸಮನಾಗಿ ಕೂತಿದೆ.

ಕರ್ನಲ್‌ಕಣ್ಣು:

ಯಾವ ಸಿಸ್ಟಮ್ ಓಡಿಸ್ತಿದ್ದೀರಿ? ಅದರ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಯಂತ್ರದ ಜೊತೆ ಬಂದ 2.4ಓ, ಆಮೇಲೆ ಹಾಕಿಕೊಂಡ 2.6ಓ? 2.6 ಆದರೆ ಯಂತ್ರ ಬಿಚ್ಚದೆಯೇ ಅರ್ಧ ಉತ್ತರ ಸಿಗುತ್ತೆ.

ಈ ಝೌರಸ್‌ಗಳ ವಿದ್ಯುತ್ ನಿರ್ವಹಣೆಯ ಕೋಡ್ ಒಂದೇ ಕಡೆ ಇದೆ. ಅದರಲ್ಲಿ ತುರ್ತು ಸ್ಥಿತಿಗೆ ಒಂದು ಇಂಟರಪ್ಟ್ ಇದೆ, ಅಂದರೆ ಪ್ರೊಸೆಸರನ್ನು ಕೆಲಸದ ನಡುವೆ ತಡೆದು ಕರೆಯೋ ಸಂಕೇತ. ಆ ಇಂಟರಪ್ಟ್ ಬಂದಾಗ ಕರ್ನಲ್ ಎರಡು ವಿಷಯ ಕೇಳುತ್ತೆ: ಮುಚ್ಚಳದ ಬೀಗ ತೆರೆದಿದೆಯೇ? ಬ್ಯಾಟರಿ ತೀರಾ ಇಳಿದಿದೆಯೇ? ಎರಡಕ್ಕೂ ಬೇರೆಬೇರೆ ಸಾಲನ್ನು ಲಾಗ್‌ನಲ್ಲಿ (ಯಂತ್ರ ಬರೆದಿಡೋ ದಾಖಲೆಯಲ್ಲಿ) ಬರೆದು ತಕ್ಷಣ ಯಂತ್ರವನ್ನು ಮಲಗಿಸುತ್ತೆ. ಬೀಗವಾದರೆ ‘ಬ್ಯಾಟರಿ ನೌ ಅನ್‌ಲಾಕ್ಡ್’, ಬ್ಯಾಟರಿಯಾದರೆ ಅದು ತೀರಾ ಇಳಿದಿದೆ ಅನ್ನೋ ಇನ್ನೊಂದು ಸಾಲು. ನಾಲ್ಕು ಸಲ ಬೇಕಂತಲೇ ಹಿಂಡಿ ಮಲಗಿಸಿ, ಎಬ್ಬಿಸಿ, ಲಾಗ್ ಓದಿ. ಅನ್‌ಲಾಕ್ಡ್ ಅಂತಿದ್ದರೆ ಅನುಮಾನ ಸರಿ. ಬ್ಯಾಟರಿ ಇಳಿದ ಸಾಲಿದ್ದರೆ ಬ್ಯಾಟರಿಯ ಸ್ಪ್ರಿಂಗ್ ಸಂಪರ್ಕಗಳನ್ನು ನೋಡಬೇಕು, ಸ್ವಿಚ್ಚನ್ನಲ್ಲ. ಎರಡೂ ಇಲ್ಲದೆ ಪೂರ್ತಿ ರೀಬೂಟ್ ಆಗಿದ್ದರೆ ಕರ್ನಲ್‌ಗೆ ಸುದ್ದಿ ಮುಟ್ಟೋ ಮುಂಚೆಯೇ ವಿದ್ಯುತ್ ಹೋಗಿದೆ ಅಂತ ಲೆಕ್ಕ.

ಈ ಕುಟುಂಬದ ಯಂತ್ರಗಳಿಗೆ 2.6 ಕರ್ನಲ್ ಕೋಡ್‌ನಲ್ಲಿ ನಾಯಿತಳಿಗಳ ಹೆಸರಿದೆ. ಸಿ700 ಅಂದರೆ ಕಾರ್ಗಿ, ಸಿ750 ಶೆಪರ್ಡ್, ಸಿ760 ಹಸ್ಕಿ, ಸಿ3000 ಸ್ಪಿಟ್ಜ್, ಹಳೇ 5500 ಕೊಲೀ. ನಿಮ್ಮದು ಹಸ್ಕಿಯ ಕೋಡ್‌ನಲ್ಲೇ ಓಡುತ್ತೆ. ಹುಡುಕುವಾಗ ಈ ಹೆಸರುಗಳು ಬೇಕಾಗುತ್ತವೆ.

ಇನ್ನು ತವರದ ಹನಿಯ ವಿಷಯ. ದಯವಿಟ್ಟು ಅದು ಬೇಡ. ಬೀಗ ಸರಿಸಿದ ಮೇಲಲ್ಲವೇ ಮುಚ್ಚಳ ಬರೋದು, ಮುಚ್ಚಳ ಬಂದ ಮೇಲಲ್ಲವೇ ಬ್ಯಾಟರಿ? ನಡುವೆ ಸಿಗೋ ಆ ಒಂದೆರಡು ಸೆಕೆಂಡಿನಲ್ಲಿ ಕರ್ನಲ್ ಬರೆಯುತ್ತಿದ್ದದ್ದನ್ನು ನಿಲ್ಲಿಸಿ ಮಲಗುತ್ತೆ. ಸ್ವಿಚ್ಚನ್ನು ಶಾಶ್ವತವಾಗಿ ಸೇರಿಸಿಬಿಟ್ಟರೆ ಆ ಎಚ್ಚರಿಕೆಯೇ ಇರಲ್ಲ. ಒಳಗಿನ ಫ್ಲಾಶ್‌ನ ಕಡತ ವ್ಯವಸ್ಥೆ ಹಠಾತ್ ವಿದ್ಯುತ್ ನಷ್ಟವನ್ನು ಒಂದಷ್ಟು ತಡೆದುಕೊಳ್ಳುತ್ತೆ. ಎಸ್‌ಡಿ ಕಾರ್ಡಿನ ಫ್ಯಾಟ್ ಅನ್ನೋ ಕಡತ ವ್ಯವಸ್ಥೆ ತಡೆದುಕೊಳ್ಳಲ್ಲ. ದಿನಚರಿ ಕಾರ್ಡಿನಲ್ಲಿದ್ದರೆ ಇವತ್ತೇ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಮಡಚುಗಣಕ:

ಆಂಗ್‌ಸ್ಟ್ರಮ್ ಅನ್ನೋ ಲಿನಕ್ಸ್ ಹಾಕಿದ್ದೀನಿ, 2.6 ಕರ್ನಲ್. ಪ್ರತಿ ತೆಗೆದೆ. ಆಮೇಲೆ ಹನ್ನೆರಡು ಸಲ ಹಿಂಡಿ ಮಲಗಿಸಿದೆ. ಹನ್ನೆರಡೂ ಅನ್‌ಲಾಕ್ಡ್. ಬ್ಯಾಟರಿ ಇಳಿದ ಸಾಲು ಒಂದೂ ಇಲ್ಲ. ಇಷ್ಟು ಸ್ಪಷ್ಟವಾಗಿ ಯಂತ್ರವೇ ಹೇಳುತ್ತೆ ಅಂತ ಗೊತ್ತೇ ಇರಲಿಲ್ಲ.

ಸಣ್ಣತಿರುಪು:

ಹಾಗಾದರೆ ಸ್ವಿಚ್ ಕೊಳೆಯಾಗಿದೆ. ಸಂಧಿಯಲ್ಲಿ ಸ್ಪ್ರೇ ಹೊಡೆದು ಇಪ್ಪತ್ತು ಸಲ ಒತ್ತಿ ಬಿಡಿ, ಸರಿಹೋಗುತ್ತೆ. ಬೀಗದ ನಾಲಿಗೆ ಸವೆದಿದ್ದರೆ ಅದಕ್ಕೆ ಒಂದು ಪದರ ಟೇಪ್ ಅಂಟಿಸಿ, ಸ್ವಿಚ್ ಇನ್ನಷ್ಟು ಒತ್ತುತ್ತೆ.

ಹಳೇರೇಡಿಯೊ:

ಸ್ಪ್ರೇ ಅಂದರೆ ಯಾವ ಸ್ಪ್ರೇ ಅನ್ನೋದು ಮುಖ್ಯ. ಬಾಗಿಲ ಕೀಲಿಗೆ ಹೊಡೆಯೋ ಎಣ್ಣೆಯ ಸ್ಪ್ರೇ ಆದರೆ ಇವತ್ತು ಸರಿಹೋದಂತೆ ಕಂಡು, ಆರು ತಿಂಗಳಲ್ಲಿ ಧೂಳು ಹಿಡಿದು ಅಂಟುಅಂಟಾಗುತ್ತೆ. ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್, ಶೇ 99ರದ್ದು, ಅದೂ ಒಂದೇ ಹನಿ. ಬ್ಯಾಟರಿ ಹೊರಗಿರಬೇಕು, ಪೂರ್ತಿ ಆರೋವರೆಗೆ ಹಾಕಬಾರದು.

ಆದರೆ ಕೊಳೆಯೇ ಕಾರಣ ಅಂತ ಈಗಲೇ ತೀರ್ಮಾನಿಸೋದು ಬೇಡ. ಲೆಕ್ಕ ಹಾಕಿ ನೋಡೋಣ. ಇಂಥ ಪತ್ತೆ ಸ್ವಿಚ್ಚುಗಳು ಪ್ರೊಸೆಸರಿಗೆ ವಿದ್ಯುತ್ ಕೊಡೋದಿಲ್ಲ, ಹೌದು ಅಥವಾ ಇಲ್ಲ ಅಂತ ಹೇಳ್ತವೆ ಅಷ್ಟೇ. ಹೆಚ್ಚು ಪ್ರತಿರೋಧದ ಒಂದು ರೆಸಿಸ್ಟರ್ ಸ್ವಿಚ್ಚಿಂದ ಪ್ರೊಸೆಸರಿಗೆ ಹೋಗೋ ಬೋರ್ಡಿನ ಗೆರೆಯ ವೋಲ್ಟೇಜನ್ನು ಒಂದು ಕಡೆಗೆ ಎಳೆದಿರುತ್ತೆ, ಸ್ವಿಚ್ ಒತ್ತಿದಾಗ ಇನ್ನೊಂದು ಕಡೆಗೆ ಎಳೆಯುತ್ತೆ. ರೆಸಿಸ್ಟರ್ 100 ಕಿಲೋಓಮ್, ವೋಲ್ಟೇಜ್ 3.3 ಅಂತ ಇಟ್ಟುಕೊಳ್ಳಿ. ಸ್ವಿಚ್ಚಿನ ಒಳಗೆ ಕೊಳೆ ಕೂತು ಸಂಪರ್ಕದ ಪ್ರತಿರೋಧ 1 ಕಿಲೋಓಮ್ ಆಯಿತು ಅನ್ನಿ. ಸ್ವಿಚ್ಚಿಗೆ ಅದು ಬಹಳ ಕೆಟ್ಟ ಸ್ಥಿತಿ. ಆದರೂ ನಷ್ಟವಾಗೋದು ಬರೀ 0.03 ವೋಲ್ಟ್, ಪ್ರೊಸೆಸರಿಗೆ ಗೊತ್ತೇ ಆಗಲ್ಲ. ಸಾಮಾನ್ಯ ಸಿಮಾಸ್ (ಇಂಥ ಚಿಪ್ಪುಗಳ ಬಗೆ) ಇನ್‌ಪುಟ್ ಗೊಂದಲಕ್ಕೆ ಬೀಳೋದು ಸುಮಾರು 1 ವೋಲ್ಟಿಂದ 2.3 ವೋಲ್ಟ್ ನಡುವೆ. ಅಲ್ಲಿಗೆ ಬರಬೇಕಾದರೆ ಸಂಪರ್ಕದ ಪ್ರತಿರೋಧ ಹತ್ತಾರು ಕಿಲೋಓಮ್ ದಾಟಬೇಕು. ಅಂದರೆ ಸ್ವಲ್ಪ ಮಾಸಿದ ಸ್ವಿಚ್ ಈ ರೋಗ ತರೋದು ಕಷ್ಟ. ಎಲ್ಲೋ ಒಂದು ಕಡೆ ಪೂರ್ತಿ ಬಿಟ್ಟುಹೋಗಿ ಮತ್ತೆ ಕೂಡ್ತಿದೆ. ಅದು ಸ್ವಿಚ್ಚಿನ ಒಳಗೇ ಇರಬಹುದು, ಹೊರಗೂ ಇರಬಹುದು. ಬಿದ್ದಿತ್ತು ಅಂತ ಬೇರೆ ಹೇಳಿದ್ದೀರಿ.

ಮಲ್ಟಿಮೀಟರಿನ ಬೀಪ್ ನಂಬಬೇಡಿ. ಒಂದೆರಡು ಮಿಲಿಸೆಕೆಂಡ್ ಬಿಟ್ಟುಹೋದದ್ದು ಅದಕ್ಕೆ ಕಾಣಲ್ಲ. ಕಿವಿಗೆ ಕೇಳುತ್ತೆ. ಒಂದು 1.5 ವೋಲ್ಟ್ ಸೆಲ್, ಅದರ ಸಾಲಿನಲ್ಲಿ 10 ಕಿಲೋಓಮ್ ರೆಸಿಸ್ಟರ್, ಆಮೇಲೆ ಒಂದು ಇಯರ್‌ಫೋನ್, ಆಮೇಲೆ ಪರೀಕ್ಷೆಯ ಎರಡು ಸೂಜಿ. ಸೂಜಿಗಳನ್ನು ಸೇರಿಸಿದಾಗ ‘ಟಕ್’, ಬಿಡಿಸಿದಾಗ ‘ಟಕ್’, ನಡುವೆ ಪೂರ್ತಿ ಮೌನ. ಸಂಪರ್ಕ ಅಲ್ಲಾಡುತ್ತಿದ್ದರೆ ಮೌನದ ಜಾಗದಲ್ಲಿ ಚರಚರ ಸದ್ದು. ರೆಸಿಸ್ಟರನ್ನು ಕಡಿಮೆ ಮಾಡಿದರೆ ಸದ್ದು ಜೋರಾಗುತ್ತೆ, ಆದರೆ ಮಾಡಬೇಡಿ. ಸ್ವಿಚ್ಚಿನ ಇನ್ನೊಂದು ತುದಿಯಲ್ಲಿ ಪ್ರೊಸೆಸರ್ ಇದೆ, ಅದರ ಪಿನ್ ಮೂಲಕ ಹೆಚ್ಚು ವಿದ್ಯುತ್ ಹರಿಯಬಾರದು. 10 ಕಿಲೋಓಮ್ ಇದ್ದರೆ 0.15 ಮಿಲಿಆಂಪ್ ದಾಟಲ್ಲ. ಬ್ಯಾಟರಿ, ಚಾರ್ಜರ್, ಕಾರ್ಡು ಎಲ್ಲ ತೆಗೆದಿಟ್ಟು, ನಿಶ್ಶಬ್ದವಾದ ಕೋಣೆಯಲ್ಲಿ ಕೂತು ಮಾಡಿ.

ಮಡಚುಗಣಕ:

ನಡುವೆ ಒಂದು ವಿಷಯ ಹೇಳಬೇಕು. ಟೇಪ್ ಸಲಹೆ ಸುಲಭ ಅನ್ನಿಸಿ ಮೊದಲು ಅದನ್ನೇ ಮಾಡಿದೆ. ಬೀಗದ ನಾಲಿಗೆಗೆ ಪಾಲಿಯೆಸ್ಟರ್ ಟೇಪಿನ ಎರಡು ಪದರ. ಎರಡು ದಿನ ಹಿಂಡಿದರೂ ಮಲಗಲಿಲ್ಲ. ಮೂರನೇ ದಿನದಿಂದ ಮೊದಲಿಗಿಂತ ಕಡೆ ಆಯಿತು. ಈಗ ಮೇಜಿನ ಮೇಲಿದ್ದರೂ ಮಲಗುತ್ತೆ. ಟೇಪ್ ಕಿತ್ತರೆ ಏಳೋದೇ ಇಲ್ಲ.

ಈ ವಾರಾಂತ್ಯ ಬಿಚ್ಚುತ್ತೀನಿ.

ತವರದಹನಿ:

ಒತ್ತಡ ಹೆಚ್ಚಿಸಿದಾಗ ಎರಡು ದಿನ ಚೆನ್ನಾಗಿದ್ದು ಆಮೇಲೆ ಹದಗೆಟ್ಟಿತು ಅಂದರೆ ನನಗೆ ಬೆಸುಗೆಯ ಮೇಲೇ ಅನುಮಾನ. ಬಿಚ್ಚಿದಾಗ ಸ್ವಿಚ್ಚನ್ನು ಮೇಲಿಂದ ನೋಡಬೇಡಿ. ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ತಂದು, ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟು, ಭೂತಗನ್ನಡಿಯಲ್ಲಿ ಪ್ರತಿ ಕಾಲಿನ ಬುಡ ನೋಡಿ. ಬಿರುಕು ಮೇಲಿನ ಬೆಳಕಿಗೆ ಕಾಣೋದೇ ಇಲ್ಲ, ಓರೆ ಬೆಳಕಲ್ಲಿ ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರವಾಗಿ ಕಾಣುತ್ತೆ.

ಹಳೇರೇಡಿಯೊ ಹೇಳಿದ ಇಯರ್‌ಫೋನ್ ಪರೀಕ್ಷೆಯನ್ನು ಎರಡು ಕಡೆ ಮಾಡಿ. ಮೊದಲು ಸೂಜಿಗಳನ್ನು ಸ್ವಿಚ್ಚಿನ ಲೋಹದ ಕಾಲುಗಳ ಮೇಲೇ ಇಡಿ. ಆಮೇಲೆ ಅದೇ ಗೆರೆಗಳು ಬೋರ್ಡಿನಲ್ಲಿ ಮುಂದೆ ಹೋಗಿ ಸೇರೋ ಬಿಂದುಗಳ ಮೇಲಿಡಿ. ಕಾಲಿನ ಮೇಲೆ ಮೌನ, ಗೆರೆಯ ಮೇಲೆ ಚರಚರ ಅಂದರೆ ಸ್ವಿಚ್ ನಿರಪರಾಧಿ. ನಡುವೆ ಇರೋದು ಬೆಸುಗೆ ಒಂದೇ.

ಮಡಚುಗಣಕ:

ಬಿಚ್ಚಿದೆ. ಇಡೀ ಬೆಳಗ್ಗೆ ಅದರಲ್ಲೇ ಹೋಯಿತು. ತಿರುಪುಗಳನ್ನು ಕಾಗದದ ಮೇಲೆ ಯಂತ್ರದ ಚಿತ್ರ ಬರೆದು ಅವುಗಳ ಜಾಗದಲ್ಲೇ ಅಂಟಿಸಿಟ್ಟೆ, ಎಲ್ಲವೂ ಒಂದೇ ಉದ್ದ ಇಲ್ಲ. ಪರದೆಗೆ ಹೋಗೋ ರಿಬ್ಬನ್ ಕೀಲಿನ ಸಂದಿಯಲ್ಲಿ ಸುತ್ತಿಕೊಂಡಿರುತ್ತೆ. ಅದನ್ನು ಮುಟ್ಟದೆ ಬೋರ್ಡು ಎತ್ತೋಕೆ ಸಾಕುಬೇಕಾಯಿತು.

ಸ್ವಿಚ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಕಪ್ಪು ಮೈ, ಪಕ್ಕಕ್ಕೆ ಚಾಚಿದ ಬಿಳಿ ಮೂತಿ. ಬೀಗದ ನಾಲಿಗೆ ಬಂದು ಆ ಮೂತಿಯನ್ನು ಒಳಕ್ಕೆ ತಳ್ಳುತ್ತೆ. ಮೂತಿ ಒಳಗಿದ್ದಾಗ ಸಂಪರ್ಕ ಕೂಡುತ್ತೆ, ಮೀಟರಲ್ಲಿ ನೋಡಿ ಖಚಿತ ಮಾಡಿಕೊಂಡೆ.

ಇಯರ್‌ಫೋನ್ ಕಟ್ಟಿಕೊಂಡು ಕೂತೆ. ಸೂಜಿ ಕಾಲುಗಳ ಮೇಲಿಟ್ಟು, ಹಲ್ಲುಕಡ್ಡಿಯಿಂದ ಮೂತಿ ಒತ್ತಿದೆ. ಟಕ್. ಆಮೇಲೆ ಮೌನ. ಒತ್ತಿಕೊಂಡೇ ಮೂತಿಯನ್ನು ಎಡಕ್ಕೆ ಬಲಕ್ಕೆ ಆಡಿಸಿದೆ, ಮೌನವೇ. ಇಪ್ಪತ್ತು ವರ್ಷ ದಾಟಿದ ಸ್ವಿಚ್ ಇಷ್ಟು ಚೊಕ್ಕಟವಾಗಿ ಕೆಲಸ ಮಾಡೋದನ್ನು ಕಿವಿಯಲ್ಲಿ ಕೇಳಿ ನಿಜವಾಗಿ ಖುಷಿಯಾಯಿತು. ಒಂದು ಸೂಜಿಯನ್ನು ಕಾಲಿಂದ ತೆಗೆದು, ಬೆರಳಗಲ ಆಚೆ ಆ ಗೆರೆ ಸೇರೋ ಪುಟ್ಟ ರೆಸಿಸ್ಟರಿನ ತುದಿಗೆ ಇಟ್ಟೆ. ಮತ್ತೆ ಒತ್ತಿದೆ. ಟಕ್, ಮೌನ. ಹಲ್ಲುಕಡ್ಡಿಯನ್ನು ಸ್ವಿಚ್ಚಿನ ಮೈಗೆ ಪಕ್ಕದಿಂದ ಮೆಲ್ಲಗೆ ಊರಿದೆ ಅಷ್ಟೇ. ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಅಂತು.

ಓರೆ ಬೆಳಕಲ್ಲಿ ನೋಡಿದರೆ ಆ ಕಾಲಿನ ಬುಡದಲ್ಲಿ ಉಂಗುರ ಇದೆ. ಅರ್ಧ ಸುತ್ತಲ್ಲ, ಪೂರ್ತಿ ಸುತ್ತು.

ಇನ್ನೂ ಒಂದು ಕಂಡಿತು. ಸ್ವಿಚ್ಚಿನ ಹೊಟ್ಟೆಯಡಿ ಎರಡು ಪ್ಲಾಸ್ಟಿಕ್ ಮೊಳೆ ಇರಬೇಕು ಅನ್ನಿಸುತ್ತೆ, ಬೋರ್ಡಿನಲ್ಲಿ ಅವಕ್ಕೆ ಎರಡು ತೂತಿವೆ. ಬೋರ್ಡು ತಿರುಗಿಸಿ ನೋಡಿದರೆ ಒಂದು ತೂತಿನಲ್ಲಿ ಮೊಳೆಯ ತುದಿ ಇದೆ, ಇನ್ನೊಂದು ಖಾಲಿ.

ತವರದಹನಿ:

ಆ ಖಾಲಿ ತೂತೇ ಮೂಲ ಕಾರಣ. ಮೊಳೆಗಳಿರೋದು ಅಡ್ಡ ಒತ್ತಡ ಹೊರೋಕೆ, ಬೆಸುಗೆ ಇರೋದು ವಿದ್ಯುತ್ ಹರಿಯೋಕೆ. ಬಿದ್ದಾಗ ಒಂದು ಮೊಳೆ ಮುರಿದಿದೆ. ಅವತ್ತಿಂದ ನೀವು ಬೀಗ ಹಾಕಿದಾಗಲೆಲ್ಲ ಸ್ವಿಚ್ ಉಳಿದ ಮೊಳೆಯ ಸುತ್ತ ಒಂದಿಷ್ಟು ತಿರುಗಿದೆ, ಆ ತಿರುಚು ಕಾಲಿನ ತವರದ ಮೇಲೆ ಬಿದ್ದಿದೆ. ಟೇಪ್ ಹಾಕಿದಾಗ ಒತ್ತಡ ಇನ್ನೂ ಹೆಚ್ಚಾಯಿತು. ಮೊದಮೊದಲು ಆ ಒತ್ತಡವೇ ಬಿರುಕಿನ ಎರಡು ದಡವನ್ನು ಒತ್ತಿ ಸೇರಿಸಿತ್ತು, ಅದಕ್ಕೇ ಎರಡು ದಿನ ಸರಿಯಿತ್ತು. ಆಮೇಲೆ ಬಿರುಕು ಸುತ್ತು ಮುಗಿಸಿತು.

ಈಗ ಬರೀ ತವರ ಹಚ್ಚಿದರೆ ಸಾಲದು, ಮೊಳೆಯ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕು. ನಾನು ಮಾಡೋ ಕ್ರಮ ಹೇಳ್ತೀನಿ.

ಮೂತಿಯ ಬಾಯಿಗೆ ಮೊದಲು ಶಾಖ ತಡೆಯೋ ಕ್ಯಾಪ್ಟಾನ್ ಟೇಪ್ ಸುತ್ತಿ. ಇಂಥ ಸ್ವಿಚ್ಚುಗಳನ್ನು ಕೊಲ್ಲೋದು ಹೆಚ್ಚಾಗಿ ಶಾಖವಲ್ಲ, ಫ್ಲಕ್ಸ್, ಅಂದರೆ ತವರ ಹಿಡಿಯಲಿ ಅಂತ ಹಚ್ಚೋ ರಾಳ. ಬಿಸಿಯಾದ ಫ್ಲಕ್ಸ್ ತೆಳುವಾಗಿ ಕಾಲಿನ ಗುಂಟ ಏರಿ ಒಳಗೆ ಹೋಗಿ ಸಂಪರ್ಕದ ಮೇಲೆ ಅರಗಿನ ಹಾಗೆ ಕೂರುತ್ತೆ. ಅದಕ್ಕೇ ಬೋರ್ಡನ್ನು ಓರೆಯಾಗಿ ನಿಲ್ಲಿಸಿ, ಸ್ವಿಚ್ಚಿನ ಮೈ ಮೇಲ್ಗಡೆ, ಕಾಲು ಕೆಳಗಡೆ ಬರೋ ಹಾಗೆ. ಫ್ಲಕ್ಸ್ ಕೆಳಕ್ಕೇ ಇಳಿಯಲಿ.

ಹಳೇ ತವರದ ಮೇಲೆ ಹೊಸದನ್ನು ಹೇರಬೇಡಿ. ಬಿರುಕಿನ ಒಳಗೆ ಕಿಲುಬು ಇರುತ್ತೆ. ಹೊಸ ತವರ ಸ್ವಲ್ಪ ಬೆರೆಸಿ ಕರಗಿಸಿ, ತಾಮ್ರದ ಹೆಣಿಗೆಯಿಂದ ಎಲ್ಲ ಹೀರಿ ತೆಗೆದು, ಆಮೇಲೆ ಹೊಸದಾಗಿ ತುಂಬಿ. 63/37 ಸೀಸದ ತವರ 183 ಡಿಗ್ರಿಗೆ ಕರಗುತ್ತೆ, ಸೀಸವಿಲ್ಲದ್ದಕ್ಕೆ 217 ದಾಟಬೇಕು. ನಿಮ್ಮ ಯಂತ್ರ ಯುರೋಪಿನ ಸೀಸ ನಿರ್ಬಂಧ ಜಾರಿಗೆ ಬಂದ 2006ರ ಜುಲೈಗಿಂತ ಹಿಂದಿನದು. ಹಾಗಂತ ಒಳಗಿರೋದು ಸೀಸದ್ದೇ ಅಂತ ಊಹಿಸಬೇಡಿ. ಕರಗೋಕೆ ಹಟ ಮಾಡಿದರೆ ಸೀಸವಿಲ್ಲದ್ದು ಅಂತ ತಿಳಿದು ಬೆರೆಸೋ ಹೆಜ್ಜೆಯನ್ನು ಎರಡು ಸಲ ಮಾಡಿ. ಐರನ್ ತುದಿ 320 ಡಿಗ್ರಿ, ಒಂದು ಸಲಕ್ಕೆ ಮೂರು ಸೆಕೆಂಡ್, ಆಮೇಲೆ ಒಂದು ನಿಮಿಷ ಬಿಡುವು. ಮೂತಿ ಪ್ಲಾಸ್ಟಿಕ್ ಅನ್ನೋದು ನೆನಪಿರಲಿ. ಸೀಸದ ಕೆಲಸ, ಕಿಟಕಿ ತೆಗೆದಿಟ್ಟು ಮಾಡಿ, ಮುಗಿದ ಮೇಲೆ ಕೈ ತೊಳೆಯಿರಿ.

ಬಿರುಕು ಬಿಟ್ಟದ್ದು ಒಂದೇ ಕಾಲಾದರೂ ನಾಲ್ಕನ್ನೂ ಹೊಸದು ಮಾಡಿ. ಉಳಿದ ಮೂರೂ ಅದೇ ತಿರುಚನ್ನು ತಿಂದಿವೆ.

ಕೊನೆಗೆ ಎಪಾಕ್ಸಿ. ಎರಡು ಭಾಗ ಬೆರೆಸೋ ನಿಧಾನದ್ದು. ಮೂತಿಯ ಎದುರು ಬದಿಯಲ್ಲಿ, ಮೈ ಮತ್ತು ಬೋರ್ಡು ಸೇರೋ ಮೂಲೆಗೆ, ಹಲ್ಲುಕಡ್ಡಿಯ ತುದಿಯಲ್ಲಿ ನಿಲ್ಲುವಷ್ಟು. ಇಡೀ ದಿನ ಮುಟ್ಟಬೇಡಿ.

ಸಣ್ಣತಿರುಪು:

ಟೇಪ್ ಹೇಳಿದ್ದು ನಾನೇ. ಅದರಿಂದ ಬಿರುಕು ಹೆಚ್ಚಾಗಿದ್ದಕ್ಕೆ ಕ್ಷಮಿಸಿ. ಇನ್ನು ಮುಂದೆ ಬಿದ್ದ ಯಂತ್ರಕ್ಕೆ ಆ ಸಲಹೆ ಕೊಡಲ್ಲ.

ಒಂದು ಪ್ರಶ್ನೆ. ಎಪಾಕ್ಸಿಯೇ ಯಾಕೆ? ಕ್ಷಣದಲ್ಲಿ ಅಂಟೋ ಸೂಪರ್ ಗ್ಲೂ ಎಲ್ಲರ ಹತ್ರ ಇರುತ್ತಲ್ಲ.

ತವರದಹನಿ:

ಅದು ಎಪಾಕ್ಸಿಯ ಹಾಗೆ ಇಟ್ಟ ಕಡೆ ನಿಲ್ಲಲ್ಲ. ತೆಳುವಾದ್ದರಿಂದ ಸ್ವಿಚ್ಚಿನ ಅಡಿಗೆ ಎಳೆದುಕೊಂಡು ಹೋಗುತ್ತೆ. ಹೋಗದಿದ್ದರೂ ಆರುವಾಗ ಅದರ ಆವಿ ಹತ್ತಿರದ ಮೇಲ್ಮೈಗಳ ಮೇಲೆ ಬಿಳಿ ಪೊರೆಯಾಗಿ ಕೂರುತ್ತೆ. ಕಪ್ಪು ಪ್ಲಾಸ್ಟಿಕ್ ಅಂಟಿಸಿದವರು ಆ ಬಿಳಿ ಮಬ್ಬನ್ನು ನೋಡಿರ್ತಾರೆ. ಆ ಮಬ್ಬು ಸಂಪರ್ಕದ ಮೇಲೆ ಕೂತರೆ ಅದು ವಿದ್ಯುತ್ ನಿರೋಧಕ. ಜೊತೆಗೆ ಅದು ಒಣಗಿದ ಮೇಲೆ ಗಾಜಿನ ಹಾಗೆ ಪೆಡಸು, ಇನ್ನೊಮ್ಮೆ ಬಿದ್ದರೆ ಬಿಟ್ಟುಕೊಳ್ಳುತ್ತೆ.

ಹಳೇರೇಡಿಯೊ:

ಒಂದು ಮಾತು ಸೇರಿಸ್ತೀನಿ. ಮುರಿದ ಮೊಳೆಯ ಚೂರು ಒಳಗೆಲ್ಲೋ ಉದುರಿದೆ. ಅದನ್ನು ಹುಡುಕಿ ತೆಗೆಯಿರಿ. ಕೀಲಿಮಣೆಯ ಗುಂಡಿಯಡಿಗೋ ಕಾರ್ಡ್ ಬಾಯಿಗೋ ಹೋದರೆ ಹೊಸ ತಲೆನೋವು.

ಮಡಚುಗಣಕ:

ಚೂರು ಸಿಕ್ಕಿತು, ಬ್ಯಾಟರಿ ಗೂಡಿನ ಮೂಲೆಯಲ್ಲಿ ಧೂಳಿನ ಜೊತೆ. ಎಸೆಯಲು ಮನಸ್ಸಾಗದೆ ತಿರುಪು ಅಂಟಿಸಿದ ಕಾಗದದ ಮೇಲೆ ಅದನ್ನೂ ಅಂಟಿಸಿದ್ದೀನಿ.

ತವರದಹನಿ ಹೇಳಿದ ಕ್ರಮದಲ್ಲೇ ಮಾಡಿದೆ. ಹಳೇ ತವರ ನಿಜವಾಗಿಯೂ ಹಟ ಮಾಡಿತು. ಹೊಸದು ಬೆರೆಸಿದ ಮೇಲೆಯೇ ಒಮ್ಮೆಲೇ ಮಿಂಚಿ ಹರಿಯಿತು. ಹೀರಿ ತೆಗೆದಾಗ ಕಾಲಿನ ಬುಡದಲ್ಲಿ ಒಂದು ಕಡೆ ಕಂದುಬಣ್ಣ ಇತ್ತು, ಫ್ಲಕ್ಸ್ ಹಚ್ಚಿ ಬಿಸಿ ತಾಗಿಸಿದ ಮೇಲೆ ಹೋಯಿತು. ನಾಲ್ಕು ಕಾಲೂ ಹೊಸದು. ಎಪಾಕ್ಸಿ ಹಾಕಿ ಒಂದೂವರೆ ದಿನ ಬಿಟ್ಟೆ. ಜೋಡಿಸೋ ಮುಂಚೆ ಮತ್ತೆ ಇಯರ್‌ಫೋನ್ ಹಾಕಿಕೊಂಡು, ಸೂಜಿ ದೂರದ ರೆಸಿಸ್ಟರಿನ ಮೇಲಿಟ್ಟು, ಸ್ವಿಚ್ಚಿನ ಮೈಗೆ ಮೊದಲಿಗಿಂತ ಜೋರಾಗಿ ಹಲ್ಲುಕಡ್ಡಿ ಊರಿದೆ. ಮೌನ. ಕಡ್ಡಿಯ ತುದಿ ಮುರಿಯಿತು, ಸದ್ದು ಬರಲಿಲ್ಲ.

ಬೀಗದ ನಾಲಿಗೆಯ ಟೇಪ್ ಕಿತ್ತು, ಅಂಟು ಆಲ್ಕೊಹಾಲಿನಲ್ಲಿ ಒರೆಸಿ ತೆಗೆದೆ. ಹಳೇ ನಾಲಿಗೆಯೇ ಸಾಕಾಯಿತು, ಅದು ಸವೆದೇ ಇರಲಿಲ್ಲ.

ಕರ್ನಲ್‌ಕಣ್ಣು:

ಹತ್ತು ದಿನ ಬಳಸಿ ಲಾಗ್ ಹಾಕಿ. ಬೆಸುಗೆ ತಂಪಾಗಿ ಬಿಸಿಯಾಗಿ ಕೆಲವು ಸುತ್ತು ಕಳೆದ ಮೇಲಿನ ಮಾತೇ ಬೇರೆ.

ಮಡಚುಗಣಕ:

ಹನ್ನೊಂದು ದಿನ ಆಯಿತು. ದಿನಾ ರಾತ್ರಿ ಮಲಗಿಯೇ ಬರೀತೀನಿ, ಅಂದರೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಬಲಗಡೆಯ ಭಾರವೆಲ್ಲ ಅಂಗೈ ಮೇಲೆ. ಲಾಗ್ ಪೂರ್ತಿ ಓದಿದೆ. ಅನ್‌ಲಾಕ್ಡ್ ಅನ್ನೋ ಸಾಲು ಒಂದೇ ಒಂದು ಇದೆ. ಅದು ಮೊದಲ ದಿನದ್ದು, ಸ್ವಿಚ್ ತನ್ನ ಕೆಲಸ ಮಾಡುತ್ತಾ ಅಂತ ನೋಡೋಕೆ ನಾನೇ ಬೀಗ ಸರಿಸಿದಾಗಿನದ್ದು.